ಸಹಿ ಹಾಕುವವರು, ಪಕ್ಕ ಕೂರುವವರು

ಹೋದ ತಿಂಗಳು ಶಾಲಾ ಫೀಸಿನ ಬಗ್ಗೆ ಬರೆದಿದ್ದಕ್ಕೆ ಬಂದ ಪತ್ರಗಳಲ್ಲಿ ಒಂದು ಮಾತ್ರ ಫೀಸಿನದ್ದಲ್ಲ. ಬರೆದವರು ಮಿಯಾಪುರದ ಓದುಗರು, ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡಿದವರು. ಗಂಡನ ಕೆಲಸದ ಜೊತೆ ಹೈದರಾಬಾದಿಗೆ ಬಂದರು, ಮಗು ನರ್ಸರಿಗೆ ಸೇರಿತು, ಅದೇ ಶಾಲೆಯಲ್ಲಿ ಇವರೂ ಟೀಚರಾಗಿ ಸೇರಿದರು. ಈಗ ಮೂರು ವರ್ಷ. ಆರು, ಏಳನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತಾರೆ. ‘ಮುಂದಿನ ವರ್ಷದೊಳಗೆ ಬಿ.ಎಡ್. ತೋರಿಸದಿದ್ದರೆ ಮುಂದುವರಿಸೋದಿಲ್ಲ ಅಂದಿದ್ದಾರೆ ಮೇಡಂ. ಒಬ್ಬ ಏಜೆಂಟ್ ಸಿಕ್ಕಿದ್ದಾನೆ. ಅಟೆಂಡೆನ್ಸ್ ಬೇಡ, ಪರೀಕ್ಷೆಗೆ ಮಾತ್ರ ಬಂದರೆ ಸಾಕು ಅಂತಾನೆ. ಏನು ಮಾಡಲಿ?’

ಚಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಆ ಏಜೆಂಟನ ನಂಬರನ್ನು ಫೋನಿನಿಂದ ಅಳಿಸಿ. ಉದ್ದ ಉತ್ತರಕ್ಕೆ ಈ ತಿಂಗಳ ಅಂಕಣ ಪೂರ್ತಿ ಬೇಕು. ಮೂರು ವರ್ಷ ಪಾಠ ಮಾಡಿದ ಎಂ.ಎಸ್ಸಿ. ಟೀಚರಿಗೆ ದಾರಿ ತೋರಿಸುವವನು ಏಜೆಂಟೇ ಯಾಕೆ ಆಗಬೇಕಾಯಿತು, ಶಾಲೆ ಯಾಕೆ ಆಗಲಿಲ್ಲ ಅನ್ನುವುದು ನನ್ನ ಪ್ರಶ್ನೆ.

ಕೂಕಟ್‌ಪಲ್ಲಿ, ಮಿಯಾಪುರ, ಕೊಂಡಾಪುರದ ಯಾವುದಾದರೂ ಖಾಸಗಿ ಶಾಲೆಯ ಸ್ಟಾಫ್ ರೂಮಿನಲ್ಲಿ ಅರ್ಧ ಗಂಟೆ ಕೂತು ನೋಡಿ. ಬೀದರಿನವರು, ರಾಯಚೂರಿನವರು, ಬಳ್ಳಾರಿ, ಹುಬ್ಬಳ್ಳಿಯವರು ಒಬ್ಬರಲ್ಲ ಒಬ್ಬರು ಸಿಗುತ್ತಾರೆ. ಕೈಯಲ್ಲಿ ಡಿಗ್ರಿ ಇದೆ, ಇಂಗ್ಲಿಷ್ ಇದೆ, ಮಕ್ಕಳ ಜೊತೆ ತಾಳ್ಮೆ ಇದೆ. ಡೆಮೊ ಕ್ಲಾಸ್ ಚೆನ್ನಾಗಿ ಆದರೆ ಮರುದಿನದಿಂದಲೇ ಕೆಲಸ. ‘ನೀವು ಟ್ರೈನ್ಡ್ ಅಲ್ವಲ್ಲ’ ಎಂದು ಸಂಬಳದಲ್ಲಿ ಮಾತ್ರ ಒಂದಿಷ್ಟು ಕಡಿಮೆ. ತರಬೇತಿ ಇಲ್ಲದಿರುವುದು ಪಾಠಕ್ಕೆ ಅಡ್ಡಿಯಲ್ಲ, ಸಂಬಳಕ್ಕೆ ಅಡ್ಡಿ. ಈ ಲೆಕ್ಕ ಶಾಲೆಗಳಿಗೆ ಬಹಳ ವರ್ಷ ಅನುಕೂಲವಾಗಿಯೇ ನಡೆಯಿತು.

ಕಾನೂನು ನಡುವೆ ಬಂದದ್ದು 2010ರ ಏಪ್ರಿಲ್ 1ರಂದು, ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾದಾಗ. ಒಂದರಿಂದ ಎಂಟನೇ ತರಗತಿಯವರೆಗೆ ಕಲಿಸುವವರಿಗೆಲ್ಲ ನಿಗದಿತ ಅರ್ಹತೆ ಇರಬೇಕು, ಇಲ್ಲದವರು ಐದು ವರ್ಷದಲ್ಲಿ ಪಡೆದುಕೊಳ್ಳಬೇಕು ಎಂದಿತು ಕಾಯ್ದೆ. ಐದು ವರ್ಷ ಕಳೆದು 2015ರ ಮಾರ್ಚ್ 31 ಬಂತು, ಹೋಯಿತು. ದೇಶದ ತುಂಬ ಲಕ್ಷಗಟ್ಟಲೆ ಟೀಚರುಗಳು ಹಾಗೆಯೇ ಉಳಿದಿದ್ದರು. 2017ರ ಆಗಸ್ಟಿನಲ್ಲಿ ಸಂಸತ್ತು ತಿದ್ದುಪಡಿ ತಂದು 2019ರ ಮಾರ್ಚ್ 31ರವರೆಗೆ ಗಡುವು ಕೊಟ್ಟಿತು, ಇದೇ ಕೊನೆ ಎಂದು ಹೇಳಿ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಓಎಸ್, ಕೆಲಸದಲ್ಲಿರುವವರಿಗಾಗಿಯೇ ಹದಿನೆಂಟು ತಿಂಗಳ ಡಿ.ಎಲ್.ಎಡ್. ಡಿಪ್ಲೊಮಾ ಶುರು ಮಾಡಿತು. 13 ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಆ ಹದಿಮೂರು ಲಕ್ಷದಲ್ಲಿ ನಾನೂ ಒಬ್ಬಳು.

ಪದವಿ ಮುಗಿಸಿ ಹದಿನಾಲ್ಕು ವರ್ಷವಾಗಿದ್ದರೂ ಅವರು ಮೊದಲು ಕೇಳಿದ್ದು ಪಿಯುಸಿ ಅಂಕಪಟ್ಟಿ. ಪಿಯುಸಿಯಲ್ಲಿ ಶೇಕಡ 50 ಇರಲೇಬೇಕು. ನಮ್ಮ ಶಾಲೆಯಲ್ಲಿ ಒಬ್ಬ ಎಂ.ಎ. ಟೀಚರಿಗೆ ಅಷ್ಟು ಇರಲಿಲ್ಲ. ಹತ್ತು ವರ್ಷದ ಮಗನ ತಾಯಿ, ಮತ್ತೆ ಪಿಯುಸಿ ಮಟ್ಟದ ಪರೀಕ್ಷೆಗೆ ಫೀಸು ಕಟ್ಟಿ ಕೂತರು. ರಾತ್ರಿ ಮಗನೂ ಅಮ್ಮನೂ ಊಟದ ಮೇಜಿನ ಎರಡು ಕಡೆ ಕೂತು ಓದುತ್ತಿದ್ದರಂತೆ. ಮಗ ‘ಅಮ್ಮಾ, ನಿಂಗೂ ಟೆಸ್ಟಾ?’ ಎಂದು ಕೇಳಿ ಕುಣಿದನಂತೆ.

ವಾರಪೂರ್ತಿ ಶಾಲೆ, ಭಾನುವಾರ ಅಧ್ಯಯನ ಕೇಂದ್ರದಲ್ಲಿ ಸಂಪರ್ಕ ತರಗತಿ. 501ರಿಂದ 510ರವರೆಗೆ ಹತ್ತು ಪತ್ರಿಕೆ. ಅಸೈನ್‌ಮೆಂಟುಗಳನ್ನು ಕೈಯಲ್ಲೇ ಬರೆಯಬೇಕು. ಆ ಮೇಲೆ ಕಾರ್ಯಾಗಾರ. ಆಗ ನಾನಿದ್ದ ಶಾಲೆ ಆ ಕಾರ್ಯಾಗಾರದ ದಿನಗಳಿಗೆ ಸಂಬಳ ಹಿಡಿಯಿತು. ‘ಸರ್ಟಿಫಿಕೇಟ್ ನಿಮ್ಮದು ತಾನೆ’ ಅಂದರು ಆಫೀಸಿನಲ್ಲಿ. ಅದೇ ಶಾಲೆಯ ಮುಂದಿನ ವರ್ಷದ ಕರಪತ್ರದಲ್ಲಿ ‘ಶೇಕಡ ನೂರು ತರಬೇತಾದ ಶಿಕ್ಷಕರು’ ಎಂಬ ಸಾಲು ಇತ್ತು. ಸರ್ಟಿಫಿಕೇಟು ಯಾರದ್ದು ಎಂದು ಆಗ ಯಾರೂ ಕೇಳಲಿಲ್ಲ.

ಆ ಕೋರ್ಸನ್ನು ‘ಕಾಟಾಚಾರದ್ದು’ ಎಂದು ತೆಗೆದುಹಾಕುವವರು ಬಹಳ ಜನ. ನಾನು ಅಷ್ಟು ಸುಲಭವಾಗಿ ಹಾಗೆ ಹೇಳಲಾರೆ. ಶಾಲೆಯಲ್ಲೇ ಮಾಡಬೇಕಾದ ಚಟುವಟಿಕೆಗಳಲ್ಲಿ ಒಂದು ಮಗುವಿನ ಕೇಸ್ ಸ್ಟಡಿ ಇತ್ತು. ಒಂದೇ ಮಗುವನ್ನು ತಿಂಗಳುಗಟ್ಟಲೆ ಗಮನಿಸಿ ಬರೆಯಬೇಕು. ನಾನು ಆರಿಸಿಕೊಂಡದ್ದು ನಾಲ್ಕನೇ ತರಗತಿಯ ಒಬ್ಬ ಹುಡುಗನನ್ನು. ಕಟ್ಟಡ ಕೆಲಸಕ್ಕೆ ಬಂದ ಮೆಹಬೂಬ್‌ನಗರ ಕಡೆಯ ಕುಟುಂಬ, ಮನೆಯಲ್ಲಿ ತೆಲುಗು, ಬೀದಿಯಲ್ಲಿ ದಖ್ಖನಿ, ಶಾಲೆಯಲ್ಲಿ ಇಂಗ್ಲಿಷ್. ಗಣಿತದ ಪದಸಮಸ್ಯೆ ಓದಿದರೆ ಹುಡುಗ ಬಾಯಿ ಬಿಡುತ್ತಿರಲಿಲ್ಲ. ಅದನ್ನೇ ತೆಲುಗಿನಲ್ಲಿ ಸಂತೆಯ ಲೆಕ್ಕ ಮಾಡಿ ಕೇಳಿದರೆ ಬರೆಯದೆಯೇ ಉತ್ತರ ಹೇಳುತ್ತಿದ್ದ. ರಾಯಚೂರಿನಲ್ಲಿ ಬೆಳೆದ ನನಗೆ ಇದರಲ್ಲಿ ಹೊಸತೇನಿಲ್ಲ. ಆದರೆ ಇದನ್ನು ದಿನಾಂಕ ಹಾಕಿ, ಅವನು ಅಂದದ್ದನ್ನು ಅಂದ ಹಾಗೆ ಬರೆದಿಟ್ಟು, ಹದಿನಾರು ಪುಟ ಮಾಡಿದ್ದು ಆ ಕೋರ್ಸಿನಿಂದ. ಅವನ ಮುಂದಿನ ವರ್ಷದ ಕ್ಲಾಸ್ ಟೀಚರಿಗೆ ನಾನು ಕೊಟ್ಟದ್ದು ಅಂಕಪಟ್ಟಿಯಲ್ಲ, ಆ ಹದಿನಾರು ಪುಟ.

ಇನ್ನು ಅಭ್ಯಾಸ ಪಾಠ. ಇಷ್ಟು ಪಾಠ ಮಾಡಬೇಕು, ಯಾರಾದರೂ ಹಿರಿಯರು ಹಿಂದೆ ಕೂತು ನೋಡಿ ಟಿಪ್ಪಣಿ ಬರೆಯಬೇಕು, ಮುಖ್ಯಸ್ಥರು ಸಹಿ ಹಾಕಬೇಕು. ಎಷ್ಟೋ ಶಾಲೆಗಳಲ್ಲಿ ಈ ಸಹಿಗಳೆಲ್ಲ ಒಂದೇ ಮಧ್ಯಾಹ್ನ ಬಿದ್ದವು. ರೆಕಾರ್ಡ್ ಪುಸ್ತಕದ ರಾಶಿ, ಒಂದು ಪೆನ್ನು, ‘ಗುಡ್’, ‘ವೆರಿ ಗುಡ್’, ‘ಕ್ಯಾನ್ ಇಂಪ್ರೂವ್ ಬ್ಲಾಕ್‌ಬೋರ್ಡ್ ವರ್ಕ್’. ಕ್ಲಾಸಿನಲ್ಲಿ ಕಪ್ಪು ಹಲಗೆಯೇ ಇರಲಿಲ್ಲ, ಬಿಳಿ ಬೋರ್ಡ್ ಬಂದು ವರ್ಷಗಳಾಗಿದ್ದವು ಅನ್ನುವುದು ಬೇರೆ ಮಾತು.

ಹೀಗೆ ಪಡೆದ ಡಿಪ್ಲೊಮಾದ ಬೆಲೆ ಎಷ್ಟು? ಇದು ನ್ಯಾಯಾಲಯಕ್ಕೆ ಹೋಯಿತು. 2023ರ ನವೆಂಬರ್ 28ರಂದು ಉತ್ತರಾಖಂಡದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ಹದಿನೆಂಟು ತಿಂಗಳ ಡಿಪ್ಲೊಮಾ ಎರಡು ವರ್ಷದ ರೆಗ್ಯುಲರ್ ಡಿಪ್ಲೊಮಾಕ್ಕೆ ಸಮವಲ್ಲ, ಕೆಲಸದಲ್ಲಿದ್ದವರು ಕೆಲಸ ಕಳೆದುಕೊಳ್ಳಬಾರದೆಂದು ತೆರೆದ ಒಂದು ಸಲದ ಕಿಟಕಿ ಅಷ್ಟೆ ಎಂದಿತು. ಆ ವಾರ ನಮ್ಮ ಹಳೆಯ ಬ್ಯಾಚಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೂ ಗುಡ್ ಮಾರ್ನಿಂಗ್ ಹಾಕಲಿಲ್ಲ. ಒಂದು ವರ್ಷ ಹೀಗೇ ತೂಗಾಡಿ, 2024ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ ಸ್ಪಷ್ಟೀಕರಣ ಕೊಟ್ಟಿತು: 2017ರ ಆಗಸ್ಟ್ 10ರಂದು ಕೆಲಸದಲ್ಲಿದ್ದು, 2019ರ ಏಪ್ರಿಲ್ 1ರೊಳಗೆ ಕೋರ್ಸ್ ಮುಗಿಸಿದವರದು ಸಿಂಧು. ಗುಂಪಿನಲ್ಲಿ ಮತ್ತೆ ಹೂವು, ಹಣತೆ ಚಿತ್ರಗಳು. ನನ್ನ ಗೆಳತಿಯೊಬ್ಬಳು ಸೇರಿದ್ದು ಆ ಆಗಸ್ಟ್ ಕಳೆದ ಮೇಲೆ. ಅವಳು ಏನೂ ಹಾಕಲಿಲ್ಲ.

ಮಿಯಾಪುರದ ಓದುಗರಿಗೆ ಆ ಕಿಟಕಿಯೂ ಇಲ್ಲ, ಅದು ಮುಚ್ಚಿ ವರ್ಷಗಳಾದವು. ದೂರಶಿಕ್ಷಣದ ಬಿ.ಎಡ್. ಇದೆಯಲ್ಲ ಅನ್ನಬಹುದು. ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ ಹುಟ್ಟಿದ್ದೇ ಈ ಊರಿನಲ್ಲಿ, 1982ರಲ್ಲಿ. ಈಗ ಅದು ಡಾ. ಬಿ.ಆರ್. ಅಂಬೇಡ್ಕರ್ ಮುಕ್ತ ವಿಶ್ವವಿದ್ಯಾಲಯ, ಜುಬಿಲಿ ಹಿಲ್ಸ್‌ನಲ್ಲಿದೆ. ಅಲ್ಲೂ ಬಿ.ಎಡ್. ಇದೆ, ಇಗ್ನೋದಲ್ಲೂ ಇದೆ. ಆದರೆ ಎನ್‌ಸಿಟಿಇಯ 2014ರ ನಿಯಮದ ಪ್ರಕಾರ ದೂರಶಿಕ್ಷಣದ ಬಿ.ಎಡ್. ಸೇರಲು ಮೊದಲೇ ಒಂದು ಶಿಕ್ಷಕ ತರಬೇತಿ ಆಗಿರಬೇಕು. ಡಿ.ಎಲ್.ಎಡ್. ಮುಗಿಸಿ ಪ್ರಾಥಮಿಕದಲ್ಲಿ ಕೆಲಸ ಮಾಡುತ್ತಿರುವವರು ಸೇರಬಹುದು. ಯಾವ ತರಬೇತಿಯೂ ಇಲ್ಲದ ಎಂ.ಎಸ್ಸಿ. ಸೇರುವಂತಿಲ್ಲ. ಈಜು ಬರುವವರಿಗೆ ಮಾತ್ರ ಈಜು ಕಲಿಸುವ ಹಾಗೆ. ಉಳಿದದ್ದು ಎರಡು ವರ್ಷದ ರೆಗ್ಯುಲರ್ ಬಿ.ಎಡ್., ಅದರಲ್ಲಿ ಇಪ್ಪತ್ತು ವಾರ ಶಾಲಾ ಇಂಟರ್ನ್‌ಶಿಪ್. ಕೆಲಸ ಬಿಟ್ಟರೆ ಮಾತ್ರ ಸಾಧ್ಯ. ಬಿಡಲಾಗದವರನ್ನು ಹುಡುಕಿಕೊಂಡು ಏಜೆಂಟ್ ಬರುತ್ತಾನೆ. ಕಾಲೇಜಿನ ಹಾಜರಿ ಪುಸ್ತಕದಲ್ಲೂ ಶಾಲೆಯ ಹಾಜರಿ ಪುಸ್ತಕದಲ್ಲೂ ಒಂದೇ ದಿನ ಒಬ್ಬರದೇ ಸಹಿ. ನಾಳೆ ಯಾರಾದರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸಿಕ್ಕಿಬೀಳುವುದು ಏಜೆಂಟನಲ್ಲ.

ನಮ್ಮ ದೊಡ್ಡಪ್ಪ ಲಿಂಗಸುಗೂರು ತಾಲ್ಲೂಕಿನ ಹಳ್ಳಿಯಲ್ಲಿ ಮೇಷ್ಟ್ರಾಗಿದ್ದರು. ಮೊದಲು ನೌಕರಿ, ಆಮೇಲೆ ಸರ್ಕಾರವೇ ಸಂಬಳ ಕೊಟ್ಟು ಟ್ರೈನಿಂಗಿಗೆ ಕಳಿಸಿತು. ‘ಟ್ರೈನಿಂಗ್‌ನಾಗ ಕಲಿತಿದ್ದಕ್ಕಿಂತ, ವಾಪಸ್ ಬಂದ ಮ್ಯಾಲೆ ಹೆಡ್‌ಮಾಸ್ತರ್ರು ಕ್ಲಾಸಿನಾಗ ಬಂದು ಕುಂತು ಹೇಳಿದ್ದು ಹೆಚ್ಚು’ ಎನ್ನುತ್ತಿದ್ದರು. ಈಗ ನಾನು ಹೇಳಬೇಕೆಂದಿರುವುದೂ ಹೆಚ್ಚು ಕಡಿಮೆ ಅದೇ. ಆದರೆ ಒಂದು ತಿದ್ದುಪಡಿಯೊಂದಿಗೆ.

ಇವತ್ತಿನ ಖಾಸಗಿ ಶಾಲೆಯಲ್ಲಿ ಕ್ಲಾಸಿನ ಹಿಂದೆ ಬಂದು ಕೂರುವವರು ಕೋಆರ್ಡಿನೇಟರ್. ಕಷ್ಟವಾದರೆ ಹೇಳಿ, ಸಹಾಯ ಮಾಡುತ್ತೇನೆ ಅನ್ನುವವರೂ ಅವರೇ. ಫೆಬ್ರವರಿಯಲ್ಲಿ ಅಪ್ರೈಸಲ್ ಫಾರ್ಮ್ ತುಂಬುವವರೂ ಅವರೇ. ನಾನು ಕಂಡ ಫಾರ್ಮುಗಳಲ್ಲಿ ಇರುವುದು ಧ್ವನಿಯ ಏರಿಳಿತ, ಕ್ಲಾಸ್ ಕಂಟ್ರೋಲ್, ಸಿಲಬಸ್ ಮುಗಿಸಿದ್ದು, ನೋಟ್‌ಬುಕ್ ಕರೆಕ್ಷನ್, ಪೋಷಕರ ದೂರು ಎಷ್ಟು. ಹೀಗಿರುವಾಗ ಯಾವ ಹೊಸ ಟೀಚರ್ ತಾನೇ ಬಾಯಿ ಬಿಟ್ಟು ‘ನನ್ನ ಕ್ಲಾಸಿನಲ್ಲಿ ಎಂಟು ಮಕ್ಕಳಿಗೆ ಭಿನ್ನರಾಶಿ ಅರ್ಥವಾಗಿಲ್ಲ, ಏನು ಮಾಡಲಿ’ ಎಂದು ಕೇಳಿಯಾಳು? ಕೇಳಿದ್ದು ಫೆಬ್ರವರಿಗೆ ನೆನಪಿರುತ್ತದೆ. ಆದ್ದರಿಂದ ಅವಳು ಕೋಆರ್ಡಿನೇಟರ್ ಬರುವ ದಿನಕ್ಕೆಂದು ಒಂದು ಪಾಠ ತಯಾರು ಮಾಡಿಟ್ಟಿರುತ್ತಾಳೆ. ಚಾರ್ಟು, ಫ್ಲ್ಯಾಶ್ ಕಾರ್ಡು, ಉತ್ತರ ಗೊತ್ತಿರುವ ಮಕ್ಕಳು ಮುಂದಿನ ಬೆಂಚಿನಲ್ಲಿ. ನೋಡಲು ಬಂದವರಿಗೂ ಇದು ಗೊತ್ತು, ಅವರೂ ಹಿಂದೊಮ್ಮೆ ಹೀಗೇ ಮಾಡಿದವರು. ಮಕ್ಕಳಿಗಂತೂ ಎಲ್ಲರಿಗಿಂತ ಮೊದಲೇ ಗೊತ್ತಿರುತ್ತದೆ.

ಅಮೆರಿಕದ ನ್ಯೂಜೆರ್ಸಿಯಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲಿ ಇದರ ಇನ್ನೊಂದು ರೂಪ ನೋಡಿದವರಿದ್ದಾರೆ. ಆ ರಾಜ್ಯ 1984ರಲ್ಲೇ ಬಿ.ಎಡ್. ತರಹದ ಪದವಿ ಇಲ್ಲದ ಪದವೀಧರರಿಗೆ ಬೇರೆ ದಾರಿ ತೆರೆಯಿತು. ತಾತ್ಕಾಲಿಕ ಪರವಾನಗಿಯಲ್ಲಿ ಶಾಲೆ ಕೆಲಸಕ್ಕೆ ತೆಗೆದುಕೊಳ್ಳುತ್ತದೆ, ಪಾಠ ಮಾಡುತ್ತಲೇ ತರಬೇತಿ ಮುಗಿಸಬೇಕು. ಒಬ್ಬ ಅನುಭವಿ ಶಿಕ್ಷಕರು ಮೆಂಟರಾಗಿ ಜೊತೆಗಿರುತ್ತಾರೆ. ಅಲ್ಲಿ ಈಗಿರುವ ನಿಯಮದಲ್ಲಿ ನನಗೆ ಹಿಡಿಸಿದ್ದು ಒಂದು ಅಂಶ: ಮೆಂಟರ್ ಆದವರು ಮೌಲ್ಯಮಾಪನದಲ್ಲಿ ಕೈ ಹಾಕುವಂತಿಲ್ಲ. ಅಂಕ ಕೊಡುವುದು, ಪರವಾನಗಿಗೆ ಶಿಫಾರಸು ಮಾಡುವುದು ಪ್ರಿನ್ಸಿಪಾಲರ ಕೆಲಸ. ಮೆಂಟರಿಗೆ ಹೇಳಿಕೊಂಡ ಕಷ್ಟ ಪ್ರಿನ್ಸಿಪಾಲರ ಫೈಲಿಗೆ ಹೋಗುವುದಿಲ್ಲ. ಹಾಗೆಂದು ಅಲ್ಲಿ ಎಲ್ಲವೂ ಸುಖವಲ್ಲ, ಮೆಂಟರ್ ಫೀಸನ್ನು ಹೊಸಬರ ಜೇಬಿನಿಂದಲೇ ವಸೂಲು ಮಾಡುವ ಪದ್ಧತಿ ಬಗ್ಗೆ ಗೊಣಗಾಟ ಅಲ್ಲೂ ಇದೆ. ಆದರೆ ಕೈ ಹಿಡಿಯುವವರನ್ನೂ ಅಳೆಯುವವರನ್ನೂ ಬೇರೆ ಮಾಡಿದ್ದು ದೊಡ್ಡ ವಿವೇಕ.

ನಮ್ಮಲ್ಲಿ ಇದಕ್ಕೆ ಉಲ್ಟಾ ಒಂದು ಉದಾಹರಣೆ ಇದೆ. 2009ರಲ್ಲಿ ಮುಂಬೈ, ಪುಣೆಯಲ್ಲಿ ಶುರುವಾಗಿ ಆಮೇಲೆ ಹೈದರಾಬಾದಿಗೂ ಬಂದ ಟೀಚ್ ಫಾರ್ ಇಂಡಿಯಾದಲ್ಲಿ ಬಿ.ಎಡ್. ಇಲ್ಲದ ಯುವಕ ಯುವತಿಯರು ಎರಡು ವರ್ಷ ಬಡಮಕ್ಕಳ ಶಾಲೆಗಳಲ್ಲಿ ಕಲಿಸುತ್ತಾರೆ. ಕ್ಲಾಸಿಗೆ ಬಂದು ನೋಡಿ, ಆಮೇಲೆ ಕೂತು ಮಾತಾಡುವ ಮೇಲ್ವಿಚಾರಕರು ಅವರಿಗಿದ್ದಾರೆ. ಆಸರೆ ಇದೆ, ಆದರೆ ಕೊನೆಗೆ ಕೈಗೆ ಬರುವುದು ಶಿಕ್ಷಕ ಅರ್ಹತೆಯ ಪತ್ರವಲ್ಲ. ಕ್ಲಾಸ್ ರೂಮಿನಲ್ಲೇ ಉಳಿಯಬೇಕೆನ್ನುವವರು ಮತ್ತೆ ಬಿ.ಎಡ್. ಸಾಲಿನಲ್ಲಿ ನಿಲ್ಲಬೇಕು. ನಮಗೆ ಪತ್ರ ಸಿಕ್ಕಿತ್ತು, ಆಸರೆ ಇರಲಿಲ್ಲ. ಅವರಿಗೆ ಆಸರೆ ಸಿಗುತ್ತದೆ, ಪತ್ರವಿಲ್ಲ.

ಎರಡೂ ಕೂಡಿದ್ದನ್ನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ, ನನ್ನ ಈಗಿನ ಶಾಲೆಯಲ್ಲಿ. ನಿವೃತ್ತಿಗೆ ಎರಡು ವರ್ಷ ಇದ್ದ ತೆಲುಗು ಟೀಚರಮ್ಮ ಒಬ್ಬರಿದ್ದರು. ಅಪ್ರೈಸಲ್‌ಗೂ ಅವರಿಗೂ ಸಂಬಂಧವಿಲ್ಲ. ವಾರಕ್ಕೆ ಮೂರು ಪೀರಿಯಡ್ ಬಿಡುವು ಕೊಟ್ಟು, ಹೊಸಬರ ಜೊತೆ ಕೂರಿ ಎಂದಿದ್ದರು ಪ್ರಿನ್ಸಿಪಾಲರು. ಬೀದರ್ ಕಡೆಯ ಒಬ್ಬ ಹುಡುಗಿ ಆಗಷ್ಟೇ ಡಿ.ಎಲ್.ಎಡ್. ಮುಗಿಸಿ ಸೇರಿದ್ದಳು, ದೂರಶಿಕ್ಷಣದ ಬಿ.ಎಡ್.ಗೂ ಹೆಸರು ಹಚ್ಚಿದ್ದಳು. ಟೀಚರಮ್ಮ ಅವಳ ಕ್ಲಾಸಿನಲ್ಲಿ ಕೂತು ಒಂದು ಹಾಳೆಯ ಮೇಲೆ ಬೆಂಚುಗಳ ನಕ್ಷೆ ಬರೆದರು. ಪಾಠದ ಗುಣಾವಗುಣ ಒಂದಕ್ಷರ ಬರೆಯಲಿಲ್ಲ. ಯಾವ ಮಗುವಿನ ಹೆಸರು ಕರೆದಳೋ ಆ ಜಾಗದಲ್ಲಿ ಒಂದು ಗೀಟು, ಮಗು ತಾನಾಗಿ ಮಾತಾಡಿದರೆ ಒಂದು ಚುಕ್ಕೆ. ನಲವತ್ತು ನಿಮಿಷವಾದ ಮೇಲೆ ಹಾಳೆಯನ್ನು ಅವಳ ಕೈಗೆ ಕೊಟ್ಟು ಚಹಾಕ್ಕೆ ಹೋದರು. ಕಿಟಕಿ ಪಕ್ಕದ ಸಾಲಿನ ಏಳು ಮಕ್ಕಳ ಜಾಗದಲ್ಲಿ ಗೀಟೂ ಇಲ್ಲ, ಚುಕ್ಕೆಯೂ ಇಲ್ಲ.

ಆ ಹುಡುಗಿ ಹಾಳೆಯನ್ನು ಸ್ಟಾಫ್ ರೂಮಿನಲ್ಲಿ ನನಗೆ ತೋರಿಸಿದಳು. ಅಳುತ್ತಿರಲಿಲ್ಲ, ನಾಚಿಕೆಯೂ ಇರಲಿಲ್ಲ, ಕುತೂಹಲ ಇತ್ತು. ‘ನೋಡ್ರಿ ಅಕ್ಕಾ, ಈ ಏಳು ಮಂದಿ ಇವತ್ತು ಸಾಲಿಗಿ ಬಂದಾರಂತನೇ ಗೊತ್ತಾಗಂಗಿಲ್ಲ’ ಅಂದಳು. ಮರುವಾರ ಅವಳೇ ಹೋಗಿ ಟೀಚರಮ್ಮನನ್ನು ಮತ್ತೆ ಕರೆದಳು. ಹಾಳೆ ಫೈಲಿಗೆ ಹೋಗುವುದಿಲ್ಲ ಎಂದು ಗೊತ್ತಿದ್ದರಿಂದಲೇ ಕರೆದಳು. ಇಡೀ ವರ್ಷದಲ್ಲಿ ಅಂಥ ಹನ್ನೊಂದು ಹಾಳೆಗಳಾದವು. ಬಿ.ಎಡ್. ಅಸೈನ್‌ಮೆಂಟಿಗೆ ಅವಳು ಅವುಗಳನ್ನೇ ಆಧಾರ ಮಾಡಿಕೊಂಡಳು. ಫೆಬ್ರವರಿಯಲ್ಲಿ ಪ್ರಿನ್ಸಿಪಾಲರು ಬೇರೆಯಾಗಿ ಬಂದು ನೋಡಿ ತಮ್ಮ ಫಾರ್ಮ್ ತುಂಬಿದರು. ಅದು ಅವರ ಹಕ್ಕು, ಬೇಡವೆನ್ನಲಾಗದು. ಶಾಲೆಗೆ ಇದಕ್ಕೆಲ್ಲ ತಗುಲಿದ ಖರ್ಚು ವಾರಕ್ಕೆ ಮೂರು ಪೀರಿಯಡ್. ಆ ಟೀಚರಮ್ಮ ನಿವೃತ್ತರಾದ ಮೇಲೆ ಆ ಮೂರು ಪೀರಿಯಡ್ ಸಬ್‌ಸ್ಟಿಟ್ಯೂಷನ್‌ಗೆ ಹೋದವು. ಮತ್ತೆ ಯಾರನ್ನೂ ನೇಮಿಸಲಿಲ್ಲ.

ಸಿಬಿಎಸ್‌ಇ ವರ್ಷಕ್ಕೆ 50 ಗಂಟೆ ತರಬೇತಿ ಕಡ್ಡಾಯ ಮಾಡಿದೆಯಲ್ಲ ಎಂದು ಕೇಳುವವರಿಗೆ: ಹೌದು, ಮಾಡಿದೆ. ಅದರಲ್ಲಿ ಎಷ್ಟು ಗಂಟೆ ಕ್ಯಾಮರಾ ಆಫ್ ಮಾಡಿ ಪಲ್ಯ ಹೆಚ್ಚುತ್ತಾ ಕಳೆಯುತ್ತದೆ ಎಂದು ನಿಮ್ಮ ಪರಿಚಯದ ಟೀಚರನ್ನೇ ಕೇಳಿ. ಅದಕ್ಕಿಂತ ಯಾದಗಿರಿ ಜಿಲ್ಲೆಯಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ನಡೆಸುವ ಶಿಕ್ಷಕರ ಕಲಿಕಾ ಕೇಂದ್ರಗಳ ರೀತಿ ನನಗೆ ಮೇಲೆನಿಸುತ್ತದೆ. ಪುಸ್ತಕ, ಪ್ರಯೋಗದ ಸಾಮಾನು ಇರುವ ಜಾಗ, ಶಾಲೆ ಬಿಟ್ಟ ಮೇಲೆ ಮೇಷ್ಟ್ರುಗಳು ತಾವಾಗಿ ಬರುತ್ತಾರೆ. ಹೈಟೆಕ್ ಸಿಟಿಯ ಮಗ್ಗುಲಲ್ಲಿರುವ ನಮಗೆ ಅಂಥ ಒಂದು ಕೋಣೆ ಇಲ್ಲ.

ಮಿಯಾಪುರದವರಿಗೆ ಈಗ ನೇರವಾಗಿ. ನೀವು ಕೆಲಸ ಬಿಡದೆ ಬಿ.ಎಡ್. ಮಾಡುವ ಸಕ್ರಮ ದಾರಿ ಇವತ್ತು ಇಲ್ಲ. ಒಂದು ವರ್ಷದ ಬಿ.ಎಡ್. ಬಗ್ಗೆ ಹೊಸ ಶಿಕ್ಷಣ ನೀತಿ ಹೇಳಿದೆ. ನಿಮ್ಮಂತೆ ಸ್ನಾತಕೋತ್ತರ ಪದವಿ ಇರುವವರಿಗೆ ಅನ್ವಯಿಸುವ ಕರಡು ನಿಯಮಗಳನ್ನು ಎನ್‌ಸಿಟಿಇ 2025ರ ಫೆಬ್ರವರಿಯಲ್ಲಿ ಹೊರಡಿಸಿತು. ಅದನ್ನು ಗಮನಿಸುತ್ತಿರಿ, ಆದರೆ ಕರಡನ್ನು ನಂಬಿ ಯಾರಿಗೂ ಅಡ್ವಾನ್ಸ್ ಕೊಡಬೇಡಿ. ರೆಗ್ಯುಲರ್ ಸೇರುವುದಾದರೆ ಪ್ರಿನ್ಸಿಪಾಲರ ಹತ್ತಿರ ಮೊದಲು ಮಾತಾಡಿ. ಇಂಟರ್ನ್‌ಶಿಪ್ಪಿನ ವಾರಗಳಿಗೆ ಇದೇ ಶಾಲೆಯನ್ನು ಕಾಲೇಜು ಒಪ್ಪುತ್ತದೆಯೇ, ಮುಗಿಸಿ ಬಂದರೆ ಜಾಗ ಇಟ್ಟಿರುತ್ತಾರೆಯೇ, ತರಬೇತಾದವರ ಸಂಬಳವೇ ಸಿಗುತ್ತದೆಯೇ, ಇವಿಷ್ಟನ್ನೂ ಬರಹದಲ್ಲಿ ಕೇಳಿ. ‘ನೋಡೋಣ’ ಎಂದರೆ ಇಲ್ಲವೆಂದೇ ಅರ್ಥ. ಮೂರು ವರ್ಷ ವಿಜ್ಞಾನ ಕಲಿಸಿದ ನಿಮ್ಮನ್ನು ಕಳೆದುಕೊಂಡರೆ ಅವರೂ ಮತ್ತೆ ಡೆಮೊ ಕ್ಲಾಸ್ ನೋಡುತ್ತಾ ಕೂರಬೇಕು, ಅದು ಅವರಿಗೂ ಗೊತ್ತು.

ಟಿಇಟಿಯನ್ನೂ ಮರೆಯಬೇಡಿ. 2025ರ ಸೆಪ್ಟೆಂಬರ್ 1ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಇರುವ ಹಳೆಯ ಶಿಕ್ಷಕರೂ ಎರಡು ವರ್ಷದಲ್ಲಿ ಅದನ್ನು ಪಾಸು ಮಾಡಬೇಕೆಂದಿದೆ. ಹಳಬರಿಗೇ ಹೀಗಾದರೆ ಹೊಸಬರಿಗೆ ರಿಯಾಯಿತಿ ಸಿಗುವ ಮಾತಿಲ್ಲ. ಕೇಂದ್ರದ ಸಿಟಿಇಟಿ ಪಾಸಾದರೆ ಈಗ ಜೀವನಪೂರ್ತಿ ಸಿಂಧು. ಒಟ್ಟು 150 ಪ್ರಶ್ನೆ, 90 ಅಂಕ ಬೇಕು. ಅದರಲ್ಲಿ ಎರಡು ಭಾಷೆಗೆ ಮೂವತ್ತು ಮೂವತ್ತು ಪ್ರಶ್ನೆ, ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಇಲ್ಲಿನ ನಮ್ಮವರು ಸಾಮಾನ್ಯವಾಗಿ ಇಂಗ್ಲಿಷ್, ಹಿಂದಿ ತುಂಬಿ ಬರುತ್ತಾರೆ. ಹೋದ ವರ್ಷ ನಮ್ಮ ಅಪಾರ್ಟ್‌ಮೆಂಟಿನ ಒಬ್ಬರು ಹಿಂದಿ ಬಿಟ್ಟು ಕನ್ನಡ ತುಂಬಿದರು. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಆರರಿಂದ ಎಂಟನೇ ತರಗತಿಯ ಕನ್ನಡ ಪುಸ್ತಕಗಳು ಪುಕ್ಕಟೆ ಸಿಗುತ್ತವೆ, ಇಳಿಸಿಕೊಂಡು ಒಂದು ತಿಂಗಳು ಓದಿದರು. ಮೂವತ್ತಕ್ಕೆ ಇಪ್ಪತ್ತೇಳು ಬಂತು.